ಸ್ವಿಸ್ ಮನೆಯ ಕ್ಯಾಲೆಂಡರಿನಲ್ಲಿ ನಿಮಗೊಂದು ಕಾಲಂ

ಸ್ವಿಟ್ಜರ್ಲೆಂಡಿನಲ್ಲಿ ಮಕ್ಕಳಿರುವ ಮನೆಗೆ ಹೋದರೆ ಅಡುಗೆಮನೆಯ ಗೋಡೆಯನ್ನು ಒಮ್ಮೆ ನೋಡಿ. ಬಹಳಷ್ಟು ಮನೆಗಳಲ್ಲಿ ಅಲ್ಲೊಂದು ಉದ್ದನೆಯ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ನಮ್ಮಲ್ಲಿರುವ ಹಾಗೆ ರಾಹುಕಾಲ, ಏಕಾದಶಿ, ಕರಿದಿನ ತೋರಿಸುವಂಥದ್ದಲ್ಲ. ಇದರಲ್ಲಿ ತಾರೀಖುಗಳು ಮೇಲಿನಿಂದ ಕೆಳಕ್ಕೆ, ಮನೆಮಂದಿಯ ಹೆಸರುಗಳು ಎಡದಿಂದ ಬಲಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಕಾಲಂ. ಮಂಗಳವಾರ ಅಪ್ಪನಿಗೆ ಹಾಡಿನ ತಂಡದ ಅಭ್ಯಾಸ. ಗುರುವಾರ ಅಮ್ಮನಿಗೆ ಹಲ್ಲಿನ ಡಾಕ್ಟರು. ಶನಿವಾರ ಮಗಳಿಗೆ ಸ್ಕೌಟ್ಸ್. ಬೇರೆ ದೇಶದಿಂದ ಒಂದು ವರ್ಷ ಇದ್ದು ಓದಲು ಎಕ್ಸ್‌ಚೇಂಜ್ ವಿದ್ಯಾರ್ಥಿ ಮನೆಗೆ ಬಂದರೆ ಕೊನೆಯಲ್ಲಿ ಇನ್ನೊಂದು ಹೆಸರು ಸೇರುತ್ತದೆ.

ನಮ್ಮ ಕಡೆಯಿಂದ ಹೋದ ಹದಿನಾರು ವರ್ಷದ ಹುಡುಗಿಗೆ ಮೊದಲ ದಿನ ಇದು ಆಸ್ಪತ್ರೆಯ ಡ್ಯೂಟಿ ಚಾರ್ಟ್ ಥರ ಕಾಣಬಹುದು. "ಅಯ್ಯೋ, ಮನೆಯಲ್ಲೂ ಟೈಂಟೇಬಲ್ಲಾ?" ಅನ್ನಿಸಬಹುದು. ಆದರೆ ಆ ಕಾಲಂ ಯಾಕೆ ಇದೆ ಅಂತ ಅರ್ಥವಾದರೆ ಸ್ವಿಸ್ ಮನೆ ಅರ್ಧ ಅರ್ಥವಾದ ಹಾಗೆ. ನೆಂಟರಿಗೆ ಅಲ್ಲಿ ಕಾಲಂ ಇರುವುದಿಲ್ಲ. ಮನೆಯವರಿಗೆ ಮಾತ್ರ ಇರುತ್ತದೆ.

ಗೊಂದಲ ಹುಟ್ಟುವುದೂ ಇಲ್ಲೇ. ಇಂಥ ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಮನೆಗೆ, ಅಂದರೆ ಹೋಸ್ಟ್ ಫ್ಯಾಮಿಲಿಗೆ, ಜರ್ಮನ್ ಭಾಷೆಯಲ್ಲಿ 'ಗಾಸ್ಟ್‌ಫಮೀಲಿಯೆ' ಅನ್ನುತ್ತಾರೆ. 'ಗಾಸ್ಟ್' ಅಂದರೆ ಅತಿಥಿ. ಪದ ಅತಿಥಿ ಅನ್ನುತ್ತದೆ, ಮನೆ ಹಾಗೆ ನಡೆಸಿಕೊಳ್ಳುವುದಿಲ್ಲ. ನಮ್ಮಲ್ಲಿ ದೂರದಿಂದ ಬಂದ ಮಗುವನ್ನು ನಾಲ್ಕು ದಿನ ಅಡುಗೆಮನೆ ಕಡೆ ಬರಲೂ ಬಿಡುವುದಿಲ್ಲ. ಅಲ್ಲಿ ಎರಡನೇ ದಿನವೇ ಪಾತ್ರೆ ತೊಳೆಯುವ ಮೆಷಿನ್ ಎಲ್ಲಿದೆ, ಅದನ್ನು ಖಾಲಿ ಮಾಡುವುದು ಹೇಗೆ ಅಂತ ತೋರಿಸುತ್ತಾರೆ. ಇದನ್ನು ಅವಮಾನ ಅಂದುಕೊಂಡವರಿಗೆ ವರ್ಷ ಪೂರ್ತಿ ಕಷ್ಟ.

ಪಿಜಿ ಅಲ್ಲ ಇದು

ಹೈಸ್ಕೂಲ್ ವಯಸ್ಸಿನವರನ್ನು ಬೇರೆ ದೇಶದ ಮನೆಯಲ್ಲಿ ಒಂದು ವರ್ಷ ಇರಿಸುವ ಕಲ್ಪನೆ ಹಳೆಯದು. ಇಂಥ ವಿನಿಮಯ ನಡೆಸುವ ಎಎಫ್‌ಎಸ್ ಸಂಸ್ಥೆಯ ಮೂಲ ಮೊದಲ ಮಹಾಯುದ್ಧದಲ್ಲಿದೆ. ಫ್ರಾನ್ಸ್‌ನಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರ ಗುಂಪು ಅದು. ಎರಡನೇ ಯುದ್ಧ ಮುಗಿದ ಮೇಲೆ ಅವರು ಶಾಲಾ ಮಕ್ಕಳ ವಿನಿಮಯಕ್ಕೆ ಕೈಹಾಕಿದರು. ಇಂಥದ್ದೇ ಇನ್ನೊಂದು ಸಂಸ್ಥೆ ವೈಎಫ್‌ಯು ಶುರುವಾದದ್ದು 1951ರಲ್ಲಿ, ಯುದ್ಧದಲ್ಲಿ ನಲುಗಿದ ಜರ್ಮನಿಯ ಹದಿಹರೆಯದವರನ್ನು ಅಮೆರಿಕದ ಮನೆಗಳಿಗೆ ಕಳಿಸುವುದರೊಂದಿಗೆ. ರೋಟರಿ ಕ್ಲಬ್ಬುಗಳದ್ದು ಮೂರನೇ ದಾರಿ. ರೋಟರಿಯಲ್ಲಿ ಹೋದರೆ ವರ್ಷದೊಳಗೆ ಎರಡು ಮೂರು ಮನೆ ಬದಲಾಗುವುದು ಮಾಮೂಲು. ಉಳಿದ ಎರಡರಲ್ಲಿ ಸಾಮಾನ್ಯವಾಗಿ ಒಂದೇ ಮನೆ.

ಈ ದಾರಿಗಳಲ್ಲಿ ಹೋದವರನ್ನು ಇರಿಸಿಕೊಳ್ಳುವ ಮನೆಯವರಿಗೆ ಬಾಡಿಗೆ ಸಿಗುವುದಿಲ್ಲ. ಮಂಚ, ಓದುವ ಜಾಗ, ಮೂರು ಹೊತ್ತಿನ ಊಟ ಎಲ್ಲ ಅವರ ಖರ್ಚು. ಜೇಬುಖರ್ಚು, ಬಟ್ಟೆ, ಫೋನು ನಿಮ್ಮದು. ಬೆಂಗಳೂರಿನ ಪಿಜಿಯಲ್ಲಿ ದುಡ್ಡು ಕೊಟ್ಟಿದ್ದೇವೆ ಅಂತ ಬಿಸಿನೀರಿಗೆ ಜಗಳ ಆಡಬಹುದು. ಇಲ್ಲಿ ಆ ಲೆಕ್ಕ ಇಲ್ಲ. ಹಾಗಾದರೆ ಅವರು ಯಾಕೆ ಒಪ್ಪುತ್ತಾರೆ? ಕೆಲವರು ತಾವೇ ಹಿಂದೆ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಾಗಿ ಹೋಗಿ ಬಂದವರು. ಕೆಲವರ ಮಗ ಈಗ ಬೇರೆ ದೇಶದಲ್ಲಿ ಯಾರದೋ ಮನೆಯಲ್ಲಿದ್ದಾನೆ, ಅವನ ಕೋಣೆ ಖಾಲಿ. ಕೆಲವರಿಗೆ ಒಂದೇ ಮಗು, ಅದಕ್ಕೆ ಜೊತೆ ಬೇಕು. ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ ಅನ್ನುವ ಜಾಹೀರಾತಿನ ಕುಟುಂಬವೇ ಸಿಗಬೇಕೆಂದಿಲ್ಲ. ಒಬ್ಬಂಟಿ ತಾಯಿ ಇರಬಹುದು. ನಿವೃತ್ತ ದಂಪತಿ ಇರಬಹುದು. ಇಬ್ಬರು ಅಪ್ಪಂದಿರೂ ಇರಬಹುದು. ಸ್ವಿಟ್ಜರ್ಲೆಂಡಿನಲ್ಲಿ ಸಲಿಂಗ ಮದುವೆ 2022ರ ಜುಲೈನಿಂದ ಕಾನೂನುಬದ್ಧ. ಮನೆಯಲ್ಲಿ ಹಿರಿಯರ ಜೊತೆ ಇದನ್ನೆಲ್ಲ ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇಡೀ ವರ್ಷಕ್ಕೆ ಪ್ರವಾಸಿ ವೀಸಾ ನಡೆಯುವುದಿಲ್ಲ. ದೀರ್ಘಾವಧಿ ವೀಸಾ ಬೇಕು, ಅದಕ್ಕೆ ನೀವು ಇರಲಿರುವ ಕ್ಯಾಂಟನ್ನಿನ ಒಪ್ಪಿಗೆ ಬೇಕು. ಕ್ಯಾಂಟನ್ ಅಂದರೆ ನಮ್ಮ ರಾಜ್ಯದ ಥರ. ಅಂಥವು 26 ಇವೆ. ಶಾಲೆ, ಪೊಲೀಸ್, ರಜೆ ಎಲ್ಲದರಲ್ಲೂ ಅವಕ್ಕೆ ತಮ್ಮದೇ ಮಾತು. ಹೋಗಿ ಇಳಿದ 14 ದಿನಗಳೊಳಗೆ ಊರಿನ ಪಂಚಾಯ್ತಿ ಆಫೀಸಿನಲ್ಲಿ ಹೆಸರು ಬರೆಸಬೇಕು. ಇನ್ನು ನಮ್ಮ ಕಡೆಯ ತೊಡಕು. ಅವರ ಶಾಲೆ ಆಗಸ್ಟ್‌ನಲ್ಲಿ ಶುರು, ನಮ್ಮದು ಜೂನ್‌ನಲ್ಲಿ. ವರ್ಷ ಪೂರ್ತಿ ಹೋದರೆ ಇಲ್ಲಿ ಒಂದು ವರ್ಷ ಹಿಂದೆ ಬೀಳುವುದು ಬಹುತೇಕ ಗ್ಯಾರಂಟಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೇರುವ ಮೊದಲು ಹೋದರೆ ನಷ್ಟ ಕಡಿಮೆ ಅಂತ ನನ್ನ ಅಭಿಪ್ರಾಯ. ನಡುವೆ ಹೋದರೆ ಸೈನ್ಸ್ ತಗೊಂಡವರಿಗೆ ತಲೆನೋವು ಜಾಸ್ತಿ.

ಕಲಿತ ಜರ್ಮನ್ ಎಲ್ಲಿ ಹೋಯಿತು?

ಆರು ತಿಂಗಳು ಜರ್ಮನ್ ಕಲಿತು ಜ್ಯೂರಿಕ್ ಹತ್ತಿರದ ಒಂದು ಹಳ್ಳಿಗೆ ಹೋದಿರಿ ಅಂತಿಟ್ಟುಕೊಳ್ಳಿ. ರೈಲ್ವೆ ಸ್ಟೇಷನ್ನಿನ ಬೋರ್ಡು ಓದಬಲ್ಲಿರಿ. ದಿನಪತ್ರಿಕೆಯ ತಲೆಬರಹ ಅರ್ಥವಾಯಿತು. ಖುಷಿಯಾಯಿತು. ಸಂಜೆ ಊಟದ ಮೇಜಿಗೆ ಕೂತಿರಿ. ಮನೆಯವರು ಮಾತಾಡಲು ಶುರುಮಾಡಿದರು. ಒಂದು ಪದವೂ ತಲೆಗೆ ಹೋಗಲಿಲ್ಲ.

ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಬೇಕು. ಕನ್ನಡದವರಿಗೆ ಎರಡು ನಿಮಿಷ ಸಾಕು. ನಾವು ಪತ್ರಿಕೆಯಲ್ಲಿ 'ಅವರು ಬರುತ್ತಾರೆ' ಅಂತ ಓದುತ್ತೇವೆ. ಬೆಂಗಳೂರಿನಲ್ಲಿ 'ಅವ್ರು ಬರ್ತಾರೆ', ಧಾರವಾಡದಲ್ಲಿ 'ಬರ್ತಾರ', ಮಂಡ್ಯದ ಕಡೆ 'ಬತ್ತಾರೆ' ಅನ್ನುತ್ತೇವೆ. ಪುಸ್ತಕದಿಂದ ಕನ್ನಡ ಕಲಿತ ವಿದೇಶಿಯನ್ನು ತಂದು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಅವನ ಗತಿ ಏನು? ಅದೇ ಗತಿ ನಿಮ್ಮದು. ಬರೆಯುವುದಕ್ಕೆ ಒಂದು ಜರ್ಮನ್, ಬಾಯಿಗೆ ಇನ್ನೊಂದು. ಬಾಯಿಯ ಜರ್ಮನ್‌ಗೆ 'ಶ್ವೀಟ್ಸರ್‌ಡ್ಯೂಚ್' ಅನ್ನುತ್ತಾರೆ. ಅದೂ ಒಂದೇ ಅಲ್ಲ. ಬರ್ನ್‌ನದ್ದು ಬೇರೆ, ಬಾಸೆಲ್‌ದ್ದು ಬೇರೆ, ವಾಲಿಸ್ ಕಣಿವೆಯದ್ದಂತೂ ಜ್ಯೂರಿಕ್‌ನವರಿಗೇ ಅರ್ಥವಾಗುವುದು ಕಷ್ಟ. ಜ್ಯೂರಿಕ್‌ನಲ್ಲಿ ನಮಸ್ಕಾರಕ್ಕೆ 'ಗ್ರೂಎತ್ಸಿ', ಬರ್ನ್‌ನಲ್ಲಿ 'ಗ್ರೂಎಸ್ಸೆಖ್'. ಹೀಗೆ ಒಂದೇ ಭಾಷೆ ಎರಡು ವೇಷದಲ್ಲಿ ಇರುವುದರ ಬಗ್ಗೆ ಭಾಷಾ ವಿದ್ವಾಂಸ ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಒಂದು ಲೇಖನ ಬರೆದರು. ಅವರು ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಸ್ವಿಸ್ ಜರ್ಮನ್ ಒಂದು. ಕನ್ನಡವನ್ನೂ ಅದೇ ಸಾಲಿನಲ್ಲಿ ಇಡಬಹುದು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ಊರ ಮಾತನ್ನು ಕೇಳಿ ನಗುವವರಿದ್ದಾರೆ. ಅಲ್ಲಿ ಪ್ರೊಫೆಸರೂ, ಬ್ಯಾಂಕ್ ಮ್ಯಾನೇಜರೂ, ಮಂತ್ರಿಯೂ ದಿನನಿತ್ಯ ಊರ ಮಾತನ್ನೇ ಆಡುತ್ತಾರೆ. ಯಾರಿಗೂ ಸಂಕೋಚ ಇಲ್ಲ. ಟಿವಿಯಲ್ಲಿ ಮುಖ್ಯ ವಾರ್ತೆ ಬರಹದ ಜರ್ಮನ್‌ನಲ್ಲಿ ಬರುತ್ತದೆ. ಅದರ ಹಿಂದೆಯೇ ಬರುವ ಹವಾಮಾನ ಊರ ಮಾತಿನಲ್ಲಿ. ಜ್ಯೂರಿಕ್ ಕ್ಯಾಂಟನ್ನಿನ ಜನ 2011ರಲ್ಲಿ ಮತ ಹಾಕಿ, ಶಿಶುವಿಹಾರದಲ್ಲಿ ಊರ ಮಾತೇ ನಡೆಯಬೇಕು ಅಂತ ತೀರ್ಮಾನಿಸಿದರು.

ಹಾಗಾದರೆ ಮಾಡುವುದೇನು? ಮನೆಯವರಿಗೆ ಬರಹದ ಜರ್ಮನ್ ಚೆನ್ನಾಗಿ ಬರುತ್ತದೆ. ನಿಮಗಾಗಿ ಅದಕ್ಕೆ ಬದಲಾಯಿಸುತ್ತಾರೆ. ಆದರೆ ಅವರಿಗೆ ಅದು ಶಾಲೆಯ ಭಾಷೆ. ಮನೆಯಲ್ಲಿ ಹಳಗನ್ನಡ ಆಡಿದ ಹಾಗೆ ಅಲ್ಲದಿದ್ದರೂ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಸೋಫಾದಲ್ಲಿ ಮಲಗಿದ ಹಾಗೆ. ಹತ್ತು ನಿಮಿಷದಲ್ಲಿ ಸುಸ್ತಾಗಿ ಇಂಗ್ಲಿಷಿಗೆ ಜಾರುತ್ತಾರೆ. ನಿಮಗೂ ಅದೇ ಸುಲಭ. ದೊಡ್ಡ ಬಲೆ ಇದೇ. ಇಂಗ್ಲಿಷಿನಲ್ಲೇ ವರ್ಷ ಕಳೆದು ಬಂದವರಿಗೆ ಆ ಮನೆಯ ಜಗಳವೂ ಗೊತ್ತಿರುವುದಿಲ್ಲ, ಜೋಕೂ ಗೊತ್ತಿರುವುದಿಲ್ಲ. ಒಂದು ದಿನ ಗೊತ್ತುಮಾಡಿ. ಅಕ್ಟೋಬರ್ ಒಂದರಿಂದ ಇಂಗ್ಲಿಷ್ ಬಂದ್ ಅಂತ ಮನೆಯವರಿಗೆ ಹೇಳಿ. ಮೊದಲು ಬರಹದ ಜರ್ಮನ್, ಆಮೇಲೆ ನಿಧಾನಕ್ಕೆ ಊರ ಮಾತು ಕೇಳುವುದು.

ಸಮಾಧಾನದ ಸುದ್ದಿಯೂ ಇದೆ. ಜರ್ಮನ್ ವ್ಯಾಕರಣದಲ್ಲಿ ಬಾಯಿಪಾಠ ಮಾಡಿಸುವ ಸರಳ ಭೂತಕಾಲ ಊರ ಮಾತಿನಲ್ಲಿ ಇಲ್ಲವೇ ಇಲ್ಲ. ನಮ್ಮ 'ಅಲ್ವಾ'ಗೆ ಅಲ್ಲೂ ಜೋಡಿ ಪದಗಳಿವೆ: 'ಗೆಲ್', 'ಓಡರ್'. ವಾಕ್ಯದ ಕೊನೆಗೆ ಒಂದು 'ಗೆಲ್' ಅಂಟಿಸಿದರೆ ಮನೆಯ ಅಜ್ಜಿ ಅರ್ಧ ಕರಗುತ್ತಾರೆ. ಮತ್ತೆ, ಎಲ್ಲರೂ ನಿಮ್ಮ ಮೇಲೆ ಒಂದು ಪದವನ್ನು ಪ್ರಯೋಗಿಸಿ ನಗುತ್ತಾರೆ: 'ಖುಖಿಖೆಷ್ಟ್ಲಿ'. ಅಡುಗೆಮನೆಯ ಪುಟ್ಟ ಕಪಾಟು ಅಂತ ಅರ್ಥ. ಗಂಟಲು ಕೆರೆದುಕೊಂಡ ಹಾಗೆ ಮೂರು ಸಲ 'ಖ' ಬರಬೇಕು. ಅಮೆರಿಕದ ಮಕ್ಕಳಿಗಿಂತ ನಮ್ಮವರು ಇದನ್ನು ಬೇಗ ಹಿಡಿಯಬಹುದು ಅಂತ ನನ್ನ ಅಂದಾಜು.

ಸ್ವಿಟ್ಜರ್ಲೆಂಡಿನಲ್ಲೇ ಫ್ರೆಂಚ್ ಆಡುವ ಭಾಗಕ್ಕೆ ಹೋದವರಿಗೆ ಈ ಎರಡು ಭಾಷೆಯ ಕಾಟ ಇಲ್ಲ. ಅಲ್ಲಿ ಇನ್ನೊಂದು ಅನುಕೂಲವೂ ಇದೆ. ಪ್ಯಾರಿಸ್‌ನ ಫ್ರೆಂಚ್‌ನಲ್ಲಿ ತೊಂಬತ್ತು ಅನ್ನಲು 'ನಾಲ್ಕು ಇಪ್ಪತ್ತು ಮತ್ತು ಹತ್ತು' ಅನ್ನಬೇಕು. ಸ್ವಿಸ್ ಫ್ರೆಂಚರು ಸುಮ್ನೆ 'ನೊನಾಂತ್' ಅಂತಾರೆ.

ರಾತ್ರಿ ಊಟಕ್ಕೆ ಬ್ರೆಡ್ಡು!

ಊಟದ ಹೆಸರುಗಳೇ ಗಡಿಯಾರದ ಮೇಲಿವೆ. ಬೆಳಗಿನದು 'ತ್ಸ್‌ಮೊರ್ಗೆ'. ಒಂಬತ್ತರ ತಿಂಡಿ 'ತ್ಸ್‌ನೂನಿ', ಅಂದರೆ ಒಂಬತ್ತಕ್ಕೆ ತಿನ್ನುವುದು. ಮಧ್ಯಾಹ್ನದ್ದು 'ತ್ಸ್‌ಮಿತ್ತಾಗ್'. ನಾಲ್ಕರದ್ದು 'ತ್ಸ್‌ಫಿಯೆರಿ'. ರಾತ್ರಿಯದು 'ತ್ಸ್‌ನಾಖ್ಟ್'. ಹಳೆಯ ಪದ್ಧತಿಯಲ್ಲಿ ಬಿಸಿ ಅಡುಗೆ ಮಧ್ಯಾಹ್ನಕ್ಕೆ ಮಾತ್ರ. ಚಿಕ್ಕ ಮಕ್ಕಳು ಈಗಲೂ ಬಹಳ ಕಡೆ ಮಧ್ಯಾಹ್ನ ಶಾಲೆಯಿಂದ ಮನೆಗೆ ಬಂದು ಉಂಡು ಹೋಗುತ್ತಾರೆ. ರಾತ್ರಿ ಮೇಜಿನ ಮೇಲೆ ಬ್ರೆಡ್, ಬೆಣ್ಣೆ, ನಾಲ್ಕು ಥರದ ಚೀಸ್, ತಣ್ಣನೆಯ ಮಾಂಸದ ತುಂಡುಗಳು, ಉಪ್ಪಿನಕಾಯಿ ಸೌತೆ. ಮುಗಿಯಿತು. ಅನ್ನ ಸಾರು ಕಂಡು ಬೆಳೆದವರಿಗೆ ಇದು ಊಟಕ್ಕೆ ಮೊದಲಿನ ಏರ್ಪಾಡು ಅನ್ನಿಸುತ್ತದೆ. ಊಟ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತರೆ ಹಸಿದುಕೊಂಡೇ ಮಲಗಬೇಕಾದೀತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಈಗ ರಾತ್ರಿಯೂ ಬಿಸಿ ಅಡುಗೆ ಇರುವುದುಂಟು. ಆದರೆ ಅದನ್ನು ನಂಬಿಕೊಂಡು ಹೋಗಬೇಡಿ.

ಸಸ್ಯಾಹಾರಿಗಳು ಸ್ವಲ್ಪ ಗಮನವಿಟ್ಟು ಓದಬೇಕು. ಮಾಂಸ ತಿನ್ನದವರು ಅಲ್ಲಿ ವಿಚಿತ್ರ ಪ್ರಾಣಿಗಳೇನಲ್ಲ. ಜ್ಯೂರಿಕ್‌ನ ಹಿಲ್ಟ್ಲ್ ಅನ್ನುವ ಸಸ್ಯಾಹಾರಿ ಹೋಟೆಲ್ 1898ರಿಂದ ನಡೆಯುತ್ತಿದೆ. ಸಮಸ್ಯೆ ಇರುವುದು 'ವೆಜ್' ಅನ್ನುವ ಪದದಲ್ಲಿ. ಅವರ ವೆಜ್‌ನಲ್ಲಿ ಮೊಟ್ಟೆ ಸೇರಿರುತ್ತದೆ. ಮೀನು ಪರವಾಗಿಲ್ವಾ ಅಂತ ಕೇಳುವವರೂ ಇದ್ದಾರೆ. ಹೆಸರುವಾಸಿಯಾದ ಗ್ರುಯೇರ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಮಕ್ಕಳು ತಿನ್ನುವ ಗಮ್ಮಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಸೆರ್ವೆಲಾ ಅನ್ನುವ ಸಾಸೇಜನ್ನು ಬೇಸಿಗೆಯಲ್ಲಿ ಬೆಂಕಿಯ ಮೇಲೆ ಸುಟ್ಟು ತಿನ್ನದ ಸ್ವಿಸ್ ಮಗು ಅಪರೂಪ. ಅದರಲ್ಲಿ ದನ ಮತ್ತು ಹಂದಿ ಎರಡೂ ಇರುತ್ತವೆ. ಹಾಗಾಗಿ ಅರ್ಜಿಯಲ್ಲಿ 'ಸಸ್ಯಾಹಾರಿ' ಅಂತ ಒಂದು ಪದ ಬರೆದು ಬಿಡಬೇಡಿ. ಮೊಟ್ಟೆ ಆಗುತ್ತದಾ, ಜೆಲಟಿನ್ ಆಗುತ್ತದಾ, ರೆನೆಟ್ ಹಾಕಿದ ಚೀಸ್ ಆಗುತ್ತದಾ, ಅದೇ ಸೌಟಿನಲ್ಲಿ ಬಡಿಸಿದರೆ ಪರವಾಗಿಲ್ಲವಾ, ಒಂದೊಂದಾಗಿ ಬರೆಯಿರಿ. ಚೀಸ್ ವಿಷಯದಲ್ಲಿ ಹಟ ಹಿಡಿದರೆ ಸ್ವಿಟ್ಜರ್ಲೆಂಡ್ ಕಷ್ಟ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಹೋದ ಮೇಲೆ ನಿಮ್ಮ ನಿಯಮ ನೀವೇ ಸಡಿಲಿಸಿದರೆ ಅದು ನಿಮ್ಮ ಇಷ್ಟ. ಅವರಂತೂ ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಾರೆ.

ಒಳ್ಳೆಯದೂ ಬೇಕಾದಷ್ಟಿದೆ. ಆಲೂಗಡ್ಡೆ ತುರಿದು ಬೆಣ್ಣೆಯಲ್ಲಿ ಕೆಂಪಗೆ ಹುರಿದ ರೋಸ್ಟಿ ನಮ್ಮ ನಾಲಿಗೆಗೆ ಕೂಡಲೇ ಹತ್ತುತ್ತದೆ. ಭಾನುವಾರ ಬೆಳಿಗ್ಗೆ ಜಡೆ ಹೆಣೆದಂತಿರುವ 'ತ್ಸೊಪ್ಫ್' ಬ್ರೆಡ್, ಮೇಲೆ ಬೆಣ್ಣೆ, ಜೇನು. ಅಂಗಡಿಯ ಸಪ್ಪೆ ಯೋಗರ್ಟ್ ನಮ್ಮ ಮೊಸರಿಗೆ ಹತ್ತಿರದ ನೆಂಟ. ಅನ್ನಕ್ಕೆ ಕಲಸಿ, ಸಾಸಿವೆ ಒಗ್ಗರಣೆ ಕೊಟ್ಟರೆ ಒಂದು ಕೆಟ್ಟ ಸಂಜೆ ದಾಟಿಸಬಹುದು. ಹಾಲು ಒಡೆದಾಗ ಉಳಿಯುವ ತಿಳಿಯಿಂದ ಮಾಡಿದ ರಿವೆಲ್ಲಾ ಅನ್ನುವ ಸೋಡಾ ಕೂಡ ಇದೆ. ಮಜ್ಜಿಗೆ ಕುಡಿದು ಬೆಳೆದವರೂ ಮೊದಲ ಗುಟುಕಿಗೆ ಮುಖ ಕಿವುಚುತ್ತಾರೆ. ಕರಗಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಫೊಂಡ್ಯೂ ಪಾತ್ರೆಯಲ್ಲಿ ಚೀಸ್ ಜೊತೆ ಬಿಳಿ ವೈನ್ ಕುದಿಯುತ್ತಿರುತ್ತದೆ. ಬೇಡದವರು ಮೊದಲೇ ಹೇಳಿದರೆ ವೈನ್ ಬಿಟ್ಟು ಮಾಡಿಕೊಡುವುದುಂಟು. ಮುಳ್ಳುಚಮಚಕ್ಕೆ ಚುಚ್ಚಿದ ಬ್ರೆಡ್ ತುಂಡನ್ನು ಪಾತ್ರೆಯೊಳಗೆ ಬೀಳಿಸಿಕೊಂಡವರಿಗೆ ಹಾಡು ಹೇಳುವ ಶಿಕ್ಷೆ ಕಾದಿರುತ್ತದೆ. ಯಾವ ಭಾಷೆಯ ಹಾಡಾದರೂ ನಡೆಯುತ್ತದೆ.

'ಬೇಡ' ಅಂದರೆ ಬೇಡ

ಇಡೀ ವರ್ಷದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಹುಟ್ಟುವುದು ಈ ಒಂದು ಪದದಿಂದ. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಎರಡನೇ ಸಲವೂ ಬೇಡ ಅನ್ನುತ್ತೇವೆ. ಮೂರನೇ ಸಲ "ಸ್ವಲ್ಪ ಹಾಕಿ" ಅನ್ನುತ್ತೇವೆ. ಬಡಿಸುವವರಿಗೂ ಈ ಆಟ ಗೊತ್ತು. ಸ್ವಿಸ್ ಅಮ್ಮನಿಗೆ ಗೊತ್ತಿಲ್ಲ. ಇನ್ನೂ ಸ್ವಲ್ಪ ಬೇಕಾ ಅಂತ ಒಮ್ಮೆ ಕೇಳುತ್ತಾಳೆ. ಬೇಡ ಅಂದಿರಿ. ಪಾತ್ರೆ ಮುಂದಕ್ಕೆ ಹೋಯಿತು. ಅವಳು ಒತ್ತಾಯ ಮಾಡದಿರುವುದು ನಿಮ್ಮ ಮಾತಿಗೆ ಕೊಟ್ಟ ಗೌರವ. ನಿಮಗೆ ಅದು ಪ್ರೀತಿ ಇಲ್ಲದ ಹಾಗೆ ಕಾಣುತ್ತದೆ. ಇಬ್ಬರದೂ ತಪ್ಪಿಲ್ಲ. ಹಸಿದವರು ಮಾತ್ರ ನೀವು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅವಳು ಕೇಳಿದಾಗ ನೀವು ನಗುತ್ತಾ ಬರೀ 'ಮೆರ್ಸಿ' ಅಥವಾ 'ಡಾಂಕೆ' ಅಂದರೆ ಅದಕ್ಕೂ ಬೇಡ ಅಂತಲೇ ಅರ್ಥ. ಬೇಕಿದ್ದರೆ 'ಯಾ, ಗೆರ್ನ್' ಅನ್ನಬೇಕು. ಹೌದು, ಖುಷಿಯಿಂದ ಅಂತ. ಈ ಎರಡು ಪದಗಳನ್ನು ವಿಮಾನದಲ್ಲಿ ಕೂತೇ ಬಾಯಿಪಾಠ ಮಾಡಿಕೊಳ್ಳಿ.

ಅದೇ ನಿಯಮ ತಿರುಗುಮುರುಗಾಗಿಯೂ ನಡೆಯುತ್ತದೆ. ಏನಾದರೂ ಬೇಕಿದ್ದರೆ ನೀವೇ ಬಾಯಿಬಿಟ್ಟು ಕೇಳಬೇಕು. ಚಳಿಯಾಗುತ್ತಿದೆ, ಇನ್ನೊಂದು ಕಂಬಳಿ ಬೇಕು ಅಂತ ಹೇಳದಿದ್ದರೆ ಯಾರೂ ಊಹಿಸುವುದಿಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕಾದರೆ ಕಾಯುತ್ತಲೇ ಇರಬೇಕು. ಅವರು ಹೇಳುವುದೂ ಹಾಗೆಯೇ, ನೇರ. "ನೀನು ನಿನ್ನೆ ಸ್ನಾನದ ಮನೆಯಲ್ಲಿ ನೀರು ಒರೆಸಲಿಲ್ಲ" ಅಂತ ಬೆಳಿಗ್ಗೆ ಕಾಫಿ ಹಾಕುತ್ತಾ ಹೇಳುತ್ತಾರೆ. ಅದು ಬೈಗುಳ ಅಲ್ಲ. ಹೇಳಿದ ಮೇಲೆ ವಿಷಯ ಮುಗಿಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಾವು ಇಟ್ಟುಕೊಳ್ಳುತ್ತೇವೆ, ತೊಂದರೆ ಅಲ್ಲೇ. ಹೀಗೆ ಹೇಳುವಾಗ ತಲೆ ತಗ್ಗಿಸಿದರೆ ಏನೋ ಮುಚ್ಚಿಡುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಕಣ್ಣು ನೋಡಿ ಮಾತಾಡಬೇಕು.

ಇನ್ನು ನೀನು–ನೀವು. ಕನ್ನಡದಂತೆ ಜರ್ಮನ್‌ನಲ್ಲೂ ಎರಡಿವೆ: 'ಡೂ', 'ಜೀ'. ಹೋಸ್ಟ್ ಅಪ್ಪ ಅಮ್ಮನನ್ನು ಮೊದಲ ದಿನದಿಂದಲೇ ಹೆಸರು ಹಿಡಿದು 'ಡೂ' ಅಂತ ಕರೆಯಬೇಕು. ಐವತ್ತು ವರ್ಷದವರನ್ನು ಹೆಸರು ಹಿಡಿದು ನೀನು ಅನ್ನುವುದಕ್ಕೆ ನಮ್ಮ ನಾಲಿಗೆ ವಾರಗಟ್ಟಲೆ ಏಳುವುದಿಲ್ಲ. ತಮಾಷೆ ಅಂದರೆ ಶಾಲೆಯಲ್ಲಿ ಉಲ್ಟಾ. ಹದಿನಾರು ದಾಟಿದ ವಿದ್ಯಾರ್ಥಿಗಳನ್ನು ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರುಗಳೇ 'ಜೀ' ಅನ್ನುತ್ತಾರೆ. ಅಂದರೆ ಅಪ್ಪ ನೀನು, ವಿದ್ಯಾರ್ಥಿ ನೀವು!

ಎಮ್ಟ್ಲಿ

ಸ್ವಿಸ್ ಜರ್ಮನ್‌ನಲ್ಲಿ ಮುದ್ದಿಗೆ ಪದದ ಕೊನೆಗೆ 'ಲಿ' ಸೇರಿಸುತ್ತಾರೆ. 'ಆಮ್ಟ್' ಅಂದರೆ ಹುದ್ದೆ, ಸರ್ಕಾರಿ ಕಚೇರಿ. 'ಎಮ್ಟ್ಲಿ' ಅಂದರೆ ಪುಟ್ಟ ಹುದ್ದೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಎಮ್ಟ್ಲಿ ಇರುತ್ತದೆ. ಆರು ವರ್ಷದವನಿಗೂ. ಮೇಜು ಒರೆಸುವುದು, ಹಳೆ ಪೇಪರ್ ಕಟ್ಟುವುದು, ಕಾಂಪೋಸ್ಟ್ ಬಕೆಟ್ ಹೊರಗೆ ಸುರಿಯುವುದು. ನಿಮಗೊಂದು ಎಮ್ಟ್ಲಿ ಕೊಟ್ಟರೆ ಕೆಲಸದವರಂತೆ ನೋಡುತ್ತಿದ್ದಾರೆ ಅಂತ ಊರಿಗೆ ಫೋನ್ ಮಾಡಿ ಅಳಬೇಡಿ. ಕೊಡದಿದ್ದರೆ ಯೋಚಿಸಬೇಕು.

ಕಸದ್ದು ಒಂದು ಪ್ರತ್ಯೇಕ ವಿದ್ಯೆ. ಬಹುತೇಕ ಊರುಗಳಲ್ಲಿ ಕಸವನ್ನು ತೆರಿಗೆ ಸೇರಿಸಿ ಮಾರುವ ಚೀಲದಲ್ಲೇ ಹಾಕಬೇಕು. 35 ಲೀಟರಿನ ಒಂದು ಚೀಲಕ್ಕೆ ಸುಮಾರು 2 ಫ್ರಾಂಕ್. ಜ್ಯೂರಿಕ್ ನಗರದಲ್ಲಿ ಇದು 1993ರಿಂದ ಇದೆ. ಜಾಸ್ತಿ ಕಸ ಅಂದರೆ ಜಾಸ್ತಿ ಖರ್ಚು. ಅದಕ್ಕೇ ಗಾಜು, ಡಬ್ಬಿ, ಪ್ಲಾಸ್ಟಿಕ್ ಬಾಟಲಿ, ಪೇಪರ್ ಎಲ್ಲ ಬೇರೆ ಬೇರೆ. ಗಾಜಿನಲ್ಲೂ ಬಿಳಿ, ಹಸಿರು, ಕಂದು. ಹಸಿ ಕಸ, ಒಣ ಕಸ ಬೇರೆ ಮಾಡಲು ಕಲಿತ ಬೆಂಗಳೂರಿನವರು ಒಂದು ಹೆಜ್ಜೆ ಮುಂದಿರುತ್ತಾರೆ. ಗಾಜನ್ನು ಭಾನುವಾರ ಹಾಕುವಂತಿಲ್ಲ. ಸದ್ದಾಗುತ್ತದೆ. ಭಾನುವಾರ ಹುಲ್ಲು ಕತ್ತರಿಸುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ರಾತ್ರಿ ಹತ್ತರ ಮೇಲೆ ಸದ್ದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮೆಷಿನ್ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದಿರುತ್ತದೆ. ಯಾವ ಮನೆಗೆ ಯಾವ ದಿನ ಅಂತ ಪಟ್ಟಿ ತೂಗುಹಾಕಿರುತ್ತಾರೆ. ಬೇರೆಯವರ ದಿನ ನೀವು ಮೆಷಿನ್ ಮುಟ್ಟಿದರೆ ನಿಮ್ಮ ಹೋಸ್ಟ್ ಅಮ್ಮ ಪಕ್ಕದ ಮನೆಯವರಿಗೆ ಉತ್ತರ ಕೊಡಬೇಕು.

ಈಗ ಕ್ಯಾಲೆಂಡರಿಗೆ ವಾಪಸ್ ಬರೋಣ. ರಾತ್ರಿ ಊಟಕ್ಕೆ ಇರುತ್ತೀರೋ ಇಲ್ಲವೋ ಅಂತ ಮೊದಲೇ ತಿಳಿಸಬೇಕು. ಸ್ನೇಹಿತೆಯನ್ನು ಕರೆತರುವುದಿದ್ದರೆ ಅದನ್ನೂ. ಅಡುಗೆಯನ್ನು ತಲೆ ಎಣಿಸಿ ಮಾಡುತ್ತಾರೆ. ನಮ್ಮಲ್ಲಿ ಇಬ್ಬರು ಜಾಸ್ತಿ ಬಂದರೆ ಸಾರಿಗೆ ನೀರು ಹಾಕಿದರಾಯಿತು. ಅಲ್ಲಿ ನಾಲ್ಕು ಜನಕ್ಕೆ ನಾಲ್ಕೇ ತುಂಡು. ಆರೂವರೆಗೆ ಊಟ ಅಂದರೆ ಆರೂ ಇಪ್ಪತ್ತೆಂಟಕ್ಕೆ ಕೈ ತೊಳೆದಿರಬೇಕು. ಸ್ವಿಸ್ ರೈಲ್ವೆ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳನ್ನು ನೋಡಿ. ಸುಮಾರು 58 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿ ಮೇಲೆ ಬಂದು ನಿಲ್ಲುತ್ತದೆ. ಮುಖ್ಯ ಗಡಿಯಾರದಿಂದ ಸಂಜ್ಞೆ ಬಂದ ಮೇಲೆ ಮುಂದೆ ಹೋಗುತ್ತದೆ. ಮನೆಯವರೂ ಸ್ವಲ್ಪ ಹಾಗೇ: ಬೇಗ ಬಂದು ಕಾಯುತ್ತಾರೆ.

ಶಾಲೆ ಮತ್ತು ಕೆಲವು ಬೆಚ್ಚಿಬೀಳುವ ಸಂಗತಿಗಳು

ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸೇರುವುದು ಜಿಮ್ನಾಸಿಯಂಗೆ. ವ್ಯಾಯಾಮಶಾಲೆ ಅಲ್ಲ, ಯೂನಿವರ್ಸಿಟಿಗೆ ತಯಾರು ಮಾಡುವ ಶಾಲೆ. ಸ್ವಿಸ್ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರು ಮಾತ್ರ ಇದನ್ನು ಮುಗಿಸುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು ಹದಿನಾರರ ಸುಮಾರಿಗೆ 'ಲೇರೆ' ಸೇರುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಒಂದು ಕಂಪನಿಯಲ್ಲಿ ಕೆಲಸ, ಒಂದೆರಡು ದಿನ ಶಾಲೆ, ಕೈಗೆ ಸಂಬಳ. ನಿಮ್ಮ ಹೋಸ್ಟ್ ಅಣ್ಣ ಬಡಗಿ ಕೆಲಸವನ್ನೋ ಬ್ಯಾಂಕ್ ಕೆಲಸವನ್ನೋ ಕಲಿಯುತ್ತಿದ್ದರೆ ಓದಿನಲ್ಲಿ ಹಿಂದೆ ಅಂತ ಲೆಕ್ಕ ಹಾಕಬೇಡಿ. ಮಗ ಬಡಗಿ ಅಂತ ಅಲ್ಲಿ ಯಾರೂ ದನಿ ತಗ್ಗಿಸುವುದಿಲ್ಲ. ನಮ್ಮ ಪಾಲಕರಿಗೆ ಇದು ಬಹುಶಃ ಅತ್ಯಂತ ಜೀರ್ಣವಾಗದ ಸಂಗತಿ. ಅಂಕಗಳು 1ರಿಂದ 6. ಆರು ಒಳ್ಳೆಯದು, ನಾಲ್ಕು ಪಾಸು. ಜರ್ಮನಿಯಲ್ಲಿ ಇದರ ತದ್ವಿರುದ್ಧ. ಆದ್ದರಿಂದ ಗೂಗಲ್ ನೋಡಿ ಗಾಬರಿಯಾಗಬೇಡಿ.

ಮನೆಯ ನೆಲಮಾಳಿಗೆಯಲ್ಲಿ ಒಂದು ಕಾಂಕ್ರೀಟ್ ಕೋಣೆ, ಅದಕ್ಕೊಂದು ಗೇಣುದ್ದ ದಪ್ಪದ ಬಾಗಿಲು ಕಂಡರೆ ಹೆದರಬೇಡಿ. ಅಣುಯುದ್ಧದ ಭಯದಲ್ಲಿ 1963ರಲ್ಲಿ ಬಂದ ಕಾನೂನಿನ ಫಲ. ದೇಶದ ಜನಸಂಖ್ಯೆಗಿಂತ ಹೆಚ್ಚು ಜನ ಹಿಡಿಸುವಷ್ಟು ಅಡಗುತಾಣಗಳು ಅಲ್ಲಿವೆ. ಸದ್ಯಕ್ಕೆ ಆ ಕೋಣೆಯಲ್ಲಿ ಸ್ಕೀ, ಆಲೂಗಡ್ಡೆ, ವೈನ್ ಬಾಟಲಿ ಇರುತ್ತವೆ. ಫೆಬ್ರವರಿಯ ಮೊದಲ ಬುಧವಾರ ಮಧ್ಯಾಹ್ನ ಒಂದೂವರೆಗೆ ದೇಶದ ತುಂಬ ಸೈರನ್ ಕೂಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ ಅದು. ಹೇಳಲು ಮನೆಯವರು ಮರೆತಿರುತ್ತಾರೆ. ಹೋಸ್ಟ್ ಅಪ್ಪನ ಕಪಾಟಿನಲ್ಲಿ ಸೈನ್ಯದ ರೈಫಲ್ಲೂ ಇರಬಹುದು. ಗಂಡಸರಿಗೆ ಅಲ್ಲಿ ಸೈನಿಕ ಸೇವೆ ಕಡ್ಡಾಯ, ಆಯುಧವನ್ನು ಮನೆಯಲ್ಲಿ ಇಡುವ ಪದ್ಧತಿ ಇದೆ. ವರ್ಷಕ್ಕೆ ನಾಲ್ಕು ಸಲದವರೆಗೆ ದಪ್ಪ ಮತದಾನದ ಲಕೋಟೆಗಳು ಮನೆಗೆ ಬರುತ್ತವೆ. ಊಟದ ಮೇಜಿನಲ್ಲಿ ಅದರ ಮೇಲೆ ವಾದ ನಡೆಯುತ್ತದೆ. ಭಾಷೆ ಕಲಿಯಲು ಅದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ.

ನವೆಂಬರ್

ಆಗಸ್ಟ್, ಸೆಪ್ಟೆಂಬರ್ ಮದುವೆ ಮನೆಯ ಹಾಗೆ ಕಳೆಯುತ್ತವೆ. ಎಲ್ಲ ಹೊಸದು. ನವೆಂಬರ್ ಬರುವಾಗ ಸಂಜೆ ಐದಕ್ಕೇ ಕತ್ತಲು. ಬಯಲು ಸೀಮೆಯ ಊರುಗಳಲ್ಲಿ ವಾರಗಟ್ಟಲೆ ಮಂಜು ಇಳಿದು ಕೂತಿರುತ್ತದೆ. ಭಾಷೆ ಅರ್ಧ ಬಂದಿರುತ್ತದೆ, ಗೆಳೆಯರು ಅರ್ಧ ಆಗಿರುತ್ತಾರೆ. ಊರಿನಲ್ಲಿ ದೀಪಾವಳಿ ಮುಗಿದ ಫೋಟೋಗಳು ಫೋನಿನಲ್ಲಿ. ಮನೆ ನೆನಪು ಜೋರಾಗುವುದು ಆಗಲೇ. ದಿನಾ ಎರಡು ಗಂಟೆ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿದರೆ ಕಡಿಮೆಯಾಗುತ್ತದೆ ಅನ್ನಿಸುತ್ತದೆ. ಜಾಸ್ತಿಯಾಗುತ್ತದೆ. ವಾರಕ್ಕೊಂದು ದಿನ ಸಾಕು, ಇದು ಪಾಲಕರಿಗೂ ಹೇಳುವ ಮಾತು. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂತರೆ ಮನೆಯವರು ತಟ್ಟುವುದಿಲ್ಲ. ಏಕಾಂತ ಬೇಕಿರಬಹುದು ಅಂತ ಬಿಟ್ಟುಬಿಡುತ್ತಾರೆ. ಆದ್ದರಿಂದ ಬಾಗಿಲು ತೆರೆದಿಡಿ. ಊರಿನ ಯಾವುದಾದರೂ ಸಂಘಕ್ಕೆ ಸೇರಿ, ವಾಲಿಬಾಲ್ ಆಗಲಿ ಬ್ಯಾಂಡ್ ಆಗಲಿ. ಶಾಲೆಗಿಂತ ಬೇಗ ಅಲ್ಲಿ ಸ್ನೇಹವಾಗುತ್ತದೆ.

ಕೆಲವೊಮ್ಮೆ ಮನೆಯೇ ಹೊಂದುವುದಿಲ್ಲ. ಆಗ ಸಂಸ್ಥೆಯ ಸ್ಥಳೀಯ ಸ್ವಯಂಸೇವಕರಿಗೆ ಹೇಳಬೇಕು. ಪ್ರತಿ ವಿದ್ಯಾರ್ಥಿಗೂ ಅಂಥವರೊಬ್ಬರು ಇರುತ್ತಾರೆ. ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಆಮೇಲೂ ಆಗದಿದ್ದರೆ ಮನೆ ಬದಲಾಗುತ್ತದೆ. ಅದು ಫೇಲ್ ಆದ ಹಾಗಲ್ಲ. ಭಯವಾಗುವಂಥದ್ದು, ಅಸಹ್ಯವಾಗುವಂಥದ್ದು ಏನಾದರೂ ನಡೆದರೆ ಹೊಂದಾಣಿಕೆಯ ಮಾತೇ ಬೇಡ. ಅದೇ ದಿನ ಫೋನ್ ಮಾಡಿ.

ಮಾರ್ಚ್ ಹೊತ್ತಿಗೆ ಬಹಳಷ್ಟು ಮನೆಗಳಲ್ಲಿ ಗಾಡಿ ಹಳಿಗೆ ಬಂದಿರುತ್ತದೆ. ಕ್ಯಾಲೆಂಡರಿನ ಕೊನೆಯ ಕಾಲಂನಲ್ಲಿ ಈಗ ನಿಮ್ಮದೇ ಕೈಬರಹ. ಒಂದು ಬುಧವಾರ ಸಂಜೆ ಹೋಸ್ಟ್ ತಮ್ಮ ಬಂದು ಪಿಸುಗುಡುತ್ತಾನೆ: ಇವತ್ತು ಮ್ಯಾಚ್ ಇದೆ, ನನ್ನ ಕಾಂಪೋಸ್ಟ್ ಬಕೆಟ್ ನೀನು ಖಾಲಿ ಮಾಡು, ನಾಳೆ ನಿನ್ನ ಪಾತ್ರೆ ಮೆಷಿನ್ ನಾನು ನೋಡಿಕೊಳ್ಳುತ್ತೇನೆ, ಗೆಲ್? ನೀವು ಹೊರಗಿನ ಮಳೆ ನೋಡುತ್ತೀರಿ. ಬಕೆಟ್ ನೋಡುತ್ತೀರಿ. ಎರಡು ದಿನದ ಪಾತ್ರೆ ಆದರೆ ಮಾತ್ರ ಅಂತ ಚೌಕಾಸಿಗೆ ಇಳಿಯುತ್ತೀರಿ, ಅದೂ ಅವನ ಭಾಷೆಯಲ್ಲೇ.